ಸಾಹೇಬನ ಹಾಲಿನ ಬಟ್ಟಲು

"ಸಾಹೇಬಾ! ಏ ಸಾಹೇಬಾ! ಬಾರೋ, ಹಾಲು ಆರಿ ಹೋಗ್ತಿದೆ!"

ಶೂ ಲೇಸ್ ಕಟ್ಟುತ್ತಿದ್ದ ಪಟಾಕಿಯ ಕೈ ಅಲ್ಲೇ ನಿಂತಿತು. ಇವತ್ತೂ ಶುರುವಾಯಿತಲ್ಲ!

ಅಜ್ಜಿ ಹೊಸ್ತಿಲ ಮೇಲೆ ಕುಳಿತು, ಚಿಕ್ಕ ಬಟ್ಟಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಕರೆಯುತ್ತಿದ್ದಳು. ಸಾಹೇಬ ಎಂದರೆ ಅಜ್ಜಿಯ ಬೆಕ್ಕು. ಬೂದು ಬಣ್ಣ, ದಪ್ಪ ಮೀಸೆ, ಕರೆದರೆ ತಕ್ಷಣ ಬಾರದ ಗತ್ತು. ಅದಕ್ಕೇ ಆ ಹೆಸರು. ಬಾಯಿ ಬಿಟ್ಟರೆ ಪಟಪಟ ಸಿಡಿಯುವ ಮೊಮ್ಮಗಳಿಗೆ ಪಟಾಕಿ ಎಂದು ಹೆಸರಿಟ್ಟವಳೂ ಅಜ್ಜಿಯೇ.

ಆದರೆ ಸಾಹೇಬ ಈಗ ಇಲ್ಲ. ಹೋದ ವಾರ ಪಟಾಕಿ ಸೈಕಲ್ ಹೊರಗೆ ತಂದವಳು ಗೇಟಿನ ಚಿಲಕ ಹಾಕಲಿಲ್ಲ. "ಚಿಲಕ ಹಾಕೇ!" ಎಂದು ಅಜ್ಜಿ ಒಳಗಿನಿಂದ ಕೂಗಿದ್ದಳು ಕೂಡ. "ಹಾಕ್ದೆ ಅಜ್ಜಿ!" ಎಂದು ಸುಳ್ಳು ಹೇಳಿ ಇವಳು ಪರಾರಿ. ಬೆಕ್ಕು ರಸ್ತೆಗೆ ಹೋಯಿತು. ಅದೇ ಹೊತ್ತಿಗೆ ಒಂದು ವ್ಯಾನ್ ಬಂತು.

ಅವತ್ತೇ ಪಟಾಕಿ ಅಳುತ್ತಾ ಎಲ್ಲ ಒಪ್ಪಿಕೊಂಡಳು. ಅಜ್ಜಿಯೂ ಅತ್ತಳು, ಆಮೇಲೆ ಕ್ಷಮಿಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಎಲ್ಲಿ ಮುಗಿಯುತ್ತೆ? ಅಜ್ಜಿಯ ತಲೆಯಲ್ಲಿ ಈಗೀಗ ಯಾವುದೂ ನಿಲ್ಲುವುದಿಲ್ಲ. ಮರುದಿನ ಮತ್ತೆ ಬಟ್ಟಲು, ಮತ್ತೆ "ಸಾಹೇಬಾ!" ಮತ್ತೆ ಹೇಳಬೇಕು, ಮತ್ತೆ ಆ ಅಳು ನೋಡಬೇಕು. ಪಾಪ, ಹತ್ತು ವರ್ಷದ ಹುಡುಗಿ ಎಷ್ಟು ಸಲ ಅಂತ ಹೇಳಿಯಾಳು?

ಸಾಕಾಗಿ ನಿನ್ನೆ, "ಹೊರಗೆ ಹೋಗಿದಾನೆ ಅಜ್ಜಿ, ಬರ್ತಾನೆ," ಎಂದುಬಿಟ್ಟಳು.

ಸಂಜೆ ಸ್ಕೂಲಿನಿಂದ ಬಂದು ನೋಡಿದರೆ ಅಜ್ಜಿ ಇನ್ನೂ ಹೊಸ್ತಿಲ ಮೇಲೇ ಇದ್ದಳು. ಬಿಸಿಲಿಗೆ ಮುಖ ಬಾಡಿಹೋಗಿತ್ತು. ಪಕ್ಕದಲ್ಲಿ ಊಟದ ತಟ್ಟೆ ಹಾಗೇ ಇತ್ತು.

"ಎಷ್ಟು ಕರೆದ್ರೂ ಒಳಗೆ ಬರ್ಲಿಲ್ಲ ಕಣೇ," ಎಂದಳು ಹೊಲಿಗೆ ಮೆಷಿನ್ ಮುಂದೆ ಕುಳಿತಿದ್ದ ಅಮ್ಮ. "ಸಾಹೇಬ ಬರ್ತಾನೆ, ಪಟಾಕಿ ಹೇಳಿದಾಳೆ ಅಂತ ಒಂದೇ ಹಟ."

ಅದೇ ರಾತ್ರಿ ಪ್ರಾರ್ಥನೆಗೆ ಕೂತಾಗ ಅಜ್ಜಿ ಪಟಾಕಿಯನ್ನೇ ದಿಟ್ಟಿಸಿ, "ಯಾರ ಮನೆ ಹುಡುಗಿ ಇದು?" ಎಂದು ಕೇಳಿದಳು. ಬೆಕ್ಕು ನೆನಪಿದೆ, ನಾನು ನೆನಪಿಲ್ಲ! ಪಟಾಕಿ ಕೋಪಕ್ಕೆ ಗುಡ್ ನೈಟ್ ಕೂಡ ಹೇಳದೆ ಹೋಗಿ ಮಲಗಿದಳು.

ಈಗ ನೋಡಿದರೆ ಮತ್ತೆ ಅದೇ ಬಟ್ಟಲು.

"ಇವತ್ತು ನಾನೇ ಹೇಳ್ಲಾ?" ಎಂದು ಅಮ್ಮ ಮೆಲ್ಲಗೆ ಕೇಳಿದಳು.

"ಬೇಡಮ್ಮ. ಗೇಟ್ ತೆಗೆದಿಟ್ಟವಳು ನಾನು."

ಪಟಾಕಿ ಹೋಗಿ ಹೊಸ್ತಿಲ ಮೇಲೆ ಅಜ್ಜಿಗೆ ಒತ್ತಿಕೊಂಡು ಕುಳಿತಳು. ನಾನು ಗೇಟಿನ ಚಿಲಕ ಹಾಕಿರಲಿಲ್ಲ, ಸಾಹೇಬ ರಸ್ತೆಗೆ ಹೋಗಿ ವ್ಯಾನಿಗೆ ಸಿಕ್ಕಿ ಸತ್ತುಹೋದ ಎಂದಳು. ಅಜ್ಜಿಯ ಕೈಯಲ್ಲಿದ್ದ ಬಟ್ಟಲು ಓರೆಯಾಗಿ ಹಾಲೆಲ್ಲ ಮೆಟ್ಟಿಲ ಮೇಲೆ ಹರಿಯಿತು.

"ಚಿಲಕ ಹಾಕು ಅಂದಿರ್ಲಿಲ್ವೇನೇ ನಾನು?"

"ಅಂದಿದ್ದೆ ಅಜ್ಜಿ. ಹಾಕ್ದೆ ಅಂತ ಸುಳ್ಳು ಹೇಳ್ದೆ. ಅವನು ಬರ್ತಾನೆ ಅಂತ ನಿನ್ನೆ ಇನ್ನೊಂದು ಸುಳ್ಳು ಹೇಳ್ದೆ. ಸಾರಿ ಅಜ್ಜಿ."

ಅಜ್ಜಿ ಮುಖ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ಪಟಾಕಿಗೆ ಹೆದರಿಕೆಯಾಯಿತು. ಅವತ್ತು ಕ್ಷಮಿಸಿದ್ದು ಅಜ್ಜಿಗೆ ನೆನಪಿಲ್ಲವಲ್ಲ. ಇವತ್ತು ಆಗಲ್ಲ ಅಂದುಬಿಟ್ಟರೆ?

ಕೊನೆಗೆ ಅಜ್ಜಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಕೊರಳಿನ ಪುಟ್ಟ ಶಿಲುಬೆಯನ್ನು ಹಿಡಿದುಕೊಂಡಳು.

"ಯೇಸಪ್ಪಾ, ಬೆಳಗಾದ್ರೆ ಕ್ಷಮಿಸು ಅಂತ ನಿನ್ನ ಮುಂದೆ ಕೈ ಮುಗಿದು ನಿಲ್ತೀನಿ. ಒಂದು ದಿನಾನೂ ಹೋಗಾಚೆ ಅಂದಿಲ್ಲ ನೀನು. ಈ ಕೂಸಿಗೆ ನಾನು ಹೆಂಗಪ್ಪಾ ಅನ್ಲಿ?"

ಆಮೇಲೆ ಒದ್ದೆ ಕೈಯನ್ನು ಪಟಾಕಿಯ ತಲೆಯ ಮೇಲಿಟ್ಟಳು. "ಹೋಗ್ಲಿ ಬಿಡು ಕಂದ. ಕ್ಷಮಿಸ್ದೆ. ನಾನೂ ಏನೇನೋ ಮರೀತೀನಂತೆ. ನಿನ್ನ ಮನಸ್ಸಿಗೆ ನೋವು ಮಾಡಿದ್ರೆ, ನೀನೂ ನನ್ನ ಕ್ಷಮಿಸಿಬಿಡೇ."

"ಹ್ಞೂಂ ಅಜ್ಜಿ," ಎಂದಳು ಪಟಾಕಿ. ಇಬ್ಬರೂ ಸೇರಿ ಮೆಟ್ಟಿಲು ಒರೆಸಿದರು. ಅಜ್ಜಿ ಎದ್ದು ಒಳಗೆ ಹೋಗಿ ತಿಂಡಿ ತಿಂದಳು. ಸ್ಕೂಲ್ ಬಸ್ ತಪ್ಪಿಹೋಯಿತು, ಅಮ್ಮ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಪಟಾಕಿ ಬೇಗ ಎದ್ದು, ಬೇಗ ರೆಡಿಯಾದಳು. ಗೇಟಿನ ಹತ್ತಿರ ಹೋಗಿ ಚಿಲಕ ಎಳೆದು ನೋಡಿದಳು. ಹಿಂದಿನಿಂದ ಟಣ್ ಟಣ್ ಎಂದು ಬಟ್ಟಲಿನ ಸದ್ದು ಬಂತು.

"ಯಾರ ಮನೆ ಹುಡುಗಿಯಮ್ಮಾ ನೀನು? ನಮ್ಮ ಬೆಕ್ಕನ್ನೇನಾದ್ರೂ ನೋಡಿದ್ಯಾ?"

ನೋವೇನೂ ಕಡಿಮೆಯಾಗಲಿಲ್ಲ. ಮೊದಲ ಸಲದಷ್ಟೇ ಆಯಿತು. ಪಟಾಕಿ ಬ್ಯಾಗನ್ನು ಕೆಳಗಿಟ್ಟು ಬಂದು, ಅಜ್ಜಿಯ ಪಕ್ಕ ಕುಳಿತು, ಬಟ್ಟಲು ಹಿಡಿದ ಆ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ನಿನ್ನ ಮನೆ ಹುಡುಗೀನೇ ಅಜ್ಜಿ," ಎಂದಳು. "ನಿನಗೊಂದು ವಿಷಯ ಹೇಳ್ಬೇಕು."