ಹೊಸ ಪೆಟ್ಟಿಗೆಯ ಮರಕುಟಿಗ

"ಮಾವನನ್ನ ನಾನು ತಳ್ಳಿಲ್ಲ," ಎಂದಳು ಸೊಸೆ. "ಸಂಜೆಯೊಳಗೆ ಪೊಲೀಸರು ಕರ್ಕೊಂಡು ಹೋಗ್ತಾರಂತೆ. ಇನ್ನು ನೀವೇ ದಿಕ್ಕು."

ಬೀದಿಯವರೆಲ್ಲ ಅಕ್ಕಾವ್ರು ಎನ್ನುತ್ತಿದ್ದ ಪತ್ತೇದಾರಿಣಿ ಚಪ್ಪಲಿ ಮೆಟ್ಟಿದರು. ಎಂದಿನಂತೆ ಅವರ ಗಂಡ ಹಿಂದೆ ಹೊರಟ. ಇಷ್ಟು ವರ್ಷ ನೆರಳಾಗಿ ತಿರುಗಿದರೂ ಹೆಂಡತಿಗೆ ಕಂಡದ್ದು ತನ್ನ ಕಣ್ಣಿಗೆ ಬೀಳುವುದಿಲ್ಲವೆಂಬ ಕೊರಗು ಅವನಿಗಿತ್ತು.

ಹಕ್ಕಿಯ ಹುಚ್ಚಿದ್ದ ಮುದುಕರು ಬೆಳಿಗ್ಗೆ ಮೆಟ್ಟಿಲ ಕೆಳಗೆ ತಲೆಯೊಡೆದು ಸತ್ತು ಬಿದ್ದಿದ್ದರು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಸೊಸೆಯೇ ಮೊದಲು ಕಂಡವಳು. ಅದಕ್ಕೂ ಮುಂಚೆ ಮುದುಕರ ತಮ್ಮ ಬಂದು, ಮನೆ ಮಾರುವ ಮಾತೆತ್ತಿ ಹೋಗಿದ್ದ. ತಾನು ಹೋದ ಮೇಲೂ ಅಣ್ಣ ಬದುಕಿದ್ದನೆಂದು ಅವನು ತನ್ನ ಮೊಬೈಲು ತೋರಿಸಿದ್ದ. ಅಣ್ಣನ ಫೋನಿನಿಂದ ಬಂದ ಫೋಟೋದಲ್ಲಿ ಹಿತ್ತಲಲ್ಲಿ ಹಕ್ಕಿಗೆ ಕಾಳಿಡುವ ಪೆಟ್ಟಿಗೆ, ಅದರ ಮೇಲೊಂದು ಕಪ್ಪುಬಿಳುಪು ಹಕ್ಕಿ, ಕೆಳಗೆ "ಚಿಕ್ಕ ಮರಕುಟಿಗ ಬಂದಿದೆ" ಎಂಬ ಸಾಲು. ಆಮೇಲೆ ಮನೆಗೆ ಕಾಲಿಟ್ಟವಳು ಸೊಸೆಯೊಬ್ಬಳೇ.

ಹಿತ್ತಲಲ್ಲಿ ಪೆಟ್ಟಿಗೆಯ ಮರ ಇನ್ನೂ ಹೊಸ ವಾಸನೆ ಹೊಡೆಯುತ್ತಿತ್ತು.

"ನಿನ್ನೆ ಸಂಜೆ ಮಾವ, ನಾನು ಸೇರಿ ಹಾಕಿದ್ವಿ," ಎಂದಳು ಸೊಸೆ. "ಹಳೇದನ್ನ ಅಳಿಲು ಕಡಿದು ಹಾಳುಮಾಡಿತ್ತು. ಚಿಕ್ಕದು, ದೊಡ್ಡದು ಅಂತ ಎರಡು ಜಾತಿ ಮರಕುಟಿಗ ಬರ್ತಾವೆ. ಬಣ್ಣ ಒಂದೇ, ಕೊಕ್ಕು ನೋಡಿ ಹೇಳ್ಬೇಕು ಅಂತಿದ್ರು ಮಾವ."

ಹಳೆಯ ಪೆಟ್ಟಿಗೆ ಗೋಡೆಗೊರಗಿತ್ತು. ಹೊಸದರ ಅರ್ಧದಷ್ಟಿತ್ತು. ಗಂಡನಿಗೆ ಕಂಡದ್ದು ಎರಡು ಪೆಟ್ಟಿಗೆ, ಅಷ್ಟೇ.

ಸಂಜೆ ಇನ್‌ಸ್ಪೆಕ್ಟರ ಮುಂದೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಅಕ್ಕಾವ್ರು ಮುದುಕರ ತಮ್ಮನನ್ನು ಕೇಳಿದರು, "ಫೋಟೋದಲ್ಲಿರೋದು ಚಿಕ್ಕದು ಅಂತ ಹೇಗೆ ಗೊತ್ತಾಗುತ್ತೆ?"

"ಪೆಟ್ಟಿಗೆ ನೋಡಿದ್ರಾಯ್ತು. ಪೆಟ್ಟಿಗೆ ತುಂಬ ಕೂತ್ರೆ ದೊಡ್ಡದು. ಅರ್ಧಕ್ಕೆ ಬಂದ್ರೆ ಚಿಕ್ಕದು."

ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ಅಕ್ಕಾವ್ರು ಫೋಟೋ ಹಿಗ್ಗಿಸಿ ಹಿಡಿದರು.

"ಕೊಕ್ಕು ತಲೆಯಷ್ಟೇ ಉದ್ದ ಇದೆ. ಚಿಕ್ಕದರದ್ದು ಮೋಟು ಕೊಕ್ಕು. ಇದು ದೊಡ್ಡ ಮರಕುಟಿಗ. ಪೆಟ್ಟಿಗೆ ಹಿಗ್ಗಿದ್ದಕ್ಕೆ ಹಕ್ಕಿ ಕುಗ್ಗಿ ಕಂಡಿದೆ. ಪೆಟ್ಟಿಗೆ ಬದಲಾಗಿದ್ದು ಮುದುಕರಿಗೆ ಗೊತ್ತು, ಸೊಸೆಗೆ ಗೊತ್ತು. ಅವರಿಬ್ಬರೂ ಇದನ್ನ ಚಿಕ್ಕದು ಅಂತ ಬರೀತಿರಲಿಲ್ಲ. ಗೊತ್ತಿಲ್ಲದವರು ನೀವೊಬ್ಬರೇ. ಕಿಟಕಿಯಲ್ಲಿ ಕಂಡ ಹಕ್ಕಿಯನ್ನ ಅಣ್ಣನ ಫೋನಲ್ಲಿ ಹಿಡಿದು, ನಿಮಗೆ ನೀವೇ ಕಳಿಸಿಕೊಂಡ್ರಿ. ಆಗ ಅವರು ಮೆಟ್ಟಿಲ ಕೆಳಗಿದ್ರು."

ತಮ್ಮ ಕಿಟಕಿಯತ್ತ ತಿರುಗಿ ಹಿತ್ತಲ ಪೆಟ್ಟಿಗೆ ನೋಡಿದ.

"ಮನೆ ಮಾರಲ್ಲ ಅಂದ. ಸಿಟ್ಟಲ್ಲಿ ತಳ್ಳಿಬಿಟ್ಟೆ," ಎಂದ. "ಪೆಟ್ಟಿಗೆ ನೋಡು ಅಂತ ಹೇಳ್ಕೊಟ್ಟವನೇ ಅಣ್ಣ. ಕೊಕ್ಕು ಗಿಕ್ಕು ನಿನಗೆ ಕಷ್ಟ, ಇದು ಸುಲಭ ಅಂದಿದ್ದ."

ಗಂಡನಿಗೆ ಗೆದ್ದ ಖುಷಿ ಬರಲಿಲ್ಲ. ಜೀಪು ಹೋದ ಮೇಲೆ ಸೊಸೆ ಹಿತ್ತಲಿಗೆ ನಡೆದಳು. ಪೆಟ್ಟಿಗೆ ಬರಿದಾಗಿತ್ತು. ಅವಳು ಅಳುತ್ತಲೇ ಮಾವನ ಡಬ್ಬ ತಂದು ಕಾಳು ತುಂಬಿದಳು.