ಟವೆಲ್ ಕೆಳಗಿನ ಕೈ

ಸುಗಟೂರಿನ ಆಸುಪಾಸಿನಲ್ಲಿ ಶಾಮಲಮ್ಮನಷ್ಟು ಗಟ್ಟಿ ವ್ಯಾಪಾರ ಮಾಡುವವರು ಇನ್ನೊಬ್ಬರಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಪಾಪ, ಊರಿಗೇನು ಗೊತ್ತು!

ಮಹಾಯುದ್ಧ ಮುಗಿದ ಕಾಲ ಅದು. ರೇಷ್ಮೆ ಗೂಡಿನ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವರೂ ಮಾರುವವರೂ ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ತಿಳಿಸಬೇಕು. ಒಪ್ಪಿಗೆಯಾದರೆ ಕೈ ಬಿಡಬೇಕು. ಬಿಡುವವರೆಗೂ ವ್ಯಾಪಾರ ಮುಗಿದಂತಲ್ಲ. ಅಪ್ಪ ತೀರಿಹೋಗಿ, ಅಮ್ಮ ಕೊಂಡಮ್ಮನ ಬಲಗೈಗೆ ಲಕ್ವ ಹೊಡೆದ ಮೇಲೆ ಆ ಕೆಲಸ ಶಾಮಲಮ್ಮನ ಪಾಲಿಗೆ ಬಂತು. ಗೂಡು ಕೊಂಡು ಕೋಲಾರಕ್ಕೆ ಸಾಗಿಸುತ್ತಿದ್ದವನು ಊರಾಚೆಯ ಸಾಬರ ಕೇರಿಯ ದಸ್ತಗೀರ್.

ಮೊದಲ ಸಲವೇ ಅವನ ಬೆರಳು ನಡುಗಿದ್ದು ಅವಳಿಗೆ ತಿಳಿಯಿತು. ನಗು ತಡೆಯಲಾಗದೆ ತಲೆ ತಗ್ಗಿಸಿದಳು.

“ಏನ್ ಸಾಬ್ರೇ, ಚಳೀನಾ?”

“ಬಿಸಿಲಲ್ಲೇ ಬಂದೆ ಕಣಮ್ಮ. ಇಲ್ಲಿ ಕೂತ್ಮೇಲೆ ಹಿಂಗಾಯ್ತು.”

ಅಂದಿನಿಂದ ಅವಳು ಯಾವ ದರಕ್ಕೂ ಬೇಗ ಒಪ್ಪಲಿಲ್ಲ. ಅವನೂ ಬೇಕೆಂದೇ ಕಡಿಮೆಯಿಂದ ಶುರುಮಾಡುತ್ತಿದ್ದ. ಮೇಲೆ ಮುಖಗಳು ಜಗಳವಾಡುತ್ತಿದ್ದವು, ಕೆಳಗೆ ಕೈಗಳು ಬೆಚ್ಚಗೆ ಕೂತಿರುತ್ತಿದ್ದವು. ಮಗಳು ಎಷ್ಟು ಜಾಣೆ ಎಂದು ಕೊಂಡಮ್ಮ ಬೀಗುತ್ತಿದ್ದಳು.

ಆ ವರ್ಷ ದೂರದ ಯಾವುದೋ ಪಟ್ಟಣದಲ್ಲಿ, ಮಸೀದಿಯ ಮುಂದೆ ಮೆರವಣಿಗೆಯ ವಾದ್ಯ ನಿಲ್ಲಿಸಬೇಕೋ ಬೇಡವೋ ಎಂದು ಜಗಳ ಹತ್ತಿ ತಲೆಗಳು ಒಡೆದವು. ಅದರ ಬಿಸಿ ಈ ಹಳ್ಳಿಗೂ ತಾಗಿತು. ಜೊತೆಯಲ್ಲಿ ಬೆಳೆದವರೇ ಹಾದಿಯಲ್ಲಿ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಈ ಬೆಳೆಯ ಗೂಡು ಕೊಟ್ಟ ಮೇಲೆ ಇನ್ನು ಸಾಬರಿಗೆ ಮಾರಕೂಡದು ಎಂದು ಊರಿನ ಹಿರಿಯ ಆವಲಪ್ಪ ಹೇಳಿಬಿಟ್ಟ.

ಕೊನೆಯ ವ್ಯಾಪಾರದ ಹಿಂದಿನ ದಿನ ದಸ್ತಗೀರ್ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸಿಕ್ಕಿದ. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಿದೆ, ಇಬ್ಬರೂ ಹೋಗಿಬಿಡೋಣ ಎಂದ.

“ನಿನ್ ದೇವ್ರನ್ನ ಬಿಡು ಅಂತ ನಾನ್ಯಾವತ್ತೂ ಕೇಳಲ್ಲ. ಬರೋದಾದ್ರೆ ನಾಳೆ ಮೊದಲ್ನೇ ದರಕ್ಕೆ ಕೈ ಬಿಡ್ಬೇಡ. ಬಿಟ್ರೆ, ನಿಂಗೆ ನನಗಿಂತ ದೇವ್ರೇ ಹೆಚ್ಚು ಅಂದ್ಕೊಂಡು ಹೊರಟೋಗ್ತೀನಿ.”

ಬಿಡಬಾರದೆಂದೇ ಅವಳು ನಿರ್ಧರಿಸಿದಳು. ಸಂಜೆ ಟ್ರಂಕಿನಿಂದ ಸೀರೆಯೊಂದನ್ನು ತೆಗೆದೂ ಇಟ್ಟಳು.

ಮರುದಿನ ದಸ್ತಗೀರ್ ಬರುವ ಮೊದಲೇ ಆವಲಪ್ಪ ಜಗುಲಿಗೆ ಬಂದು ಕೂತ. ಪಕ್ಕದೂರಿನ ಹುಡುಗಿಯೊಬ್ಬಳು ಸಾಬರ ಹುಡುಗನ ಜೊತೆ ಹೋದಳಂತೆ ಎಂದು ಸುದ್ದಿ ಹೇಳಿದ. ಆಮೇಲೆ ಎಲೆಗೆ ಸುಣ್ಣ ಸವರುತ್ತ ತಣ್ಣಗೆ ಅಂದ: “ನಮ್ಮೂರ್ ಹೆಣ್ಣು ಹಂಗೇನಾದ್ರೂ ಹೋದ್ರೆ, ಆ ಕೇರೀಲಿ ಒಂದು ಮನೇನೂ ಉಳ್ಸಲ್ಲ ಕೊಂಡಮ್ಮ.”

ದಸ್ತಗೀರನ ತಾಯಿಯೂ ತಂಗಿಯರೂ ಇದ್ದದ್ದು ಆ ಕೇರಿಯಲ್ಲೇ.

ಅವನು ಬಂದ. ಟವೆಲ್ ಹರಡಿ ಬೆರಳು ಹಿಡಿದ. ಯಾರೂ ಒಪ್ಪದಂಥ ದರ. ಅವಳು ಕೈ ಬಿಡದಿರಲಿ ಎಂದೇ ಅಷ್ಟು ಇಳಿಸಿದ್ದ. ಬೆರಳು ಮೊದಲ ದಿನದಂತೆಯೇ ನಡುಗುತ್ತಿತ್ತು.

ಶಾಮಲಮ್ಮ ಕೈ ಬಿಟ್ಟಳು.

ಅವನು ಅವಳ ಮುಖ ನೋಡಿದ, ಆಮೇಲೆ ಬಾಗಿಲ ಮೇಲಿನ ದೇವರ ಪಟ ನೋಡಿದ. ಅವನು ಏನು ತಿಳಿದುಕೊಂಡನೆಂಬುದು ಅವಳಿಗೆ ಗೊತ್ತಾಯಿತು. ಹಾಗಲ್ಲ ಎಂದು ಆವಲಪ್ಪನೆದುರು ಹೇಳುವಂತಿರಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅವನು ಮೂಟೆ ಹೊರಲು ಹೋದ.

ಗಾಡಿ ಹೋದ ಮೇಲೆ ದರ ತಿಳಿದ ಕೊಂಡಮ್ಮನಿಗೆ ಅಳುವೇ ಬಂತು.

“ಇಷ್ಟು ದಿನ ಹಿಡ್ಕೊಂಡು ಕೂರ್ತಿದ್ದೋಳು, ಇವತ್ತ್ಯಾಕೆ ಹಂಗೆ ಬಿಟ್ಬಿಟ್ಟೆ ಕಣೇ?”

ಶಾಮಲಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು. ಅದು ಇನ್ನೂ ಬೆಚ್ಚಗಿತ್ತು.