ಉಪವಾಸದ ಇಲಿಗಳು

"ಇವಕ್ಕೆ ಅನ್ನ ಹಾಕಿದ್ದು ಯಾರು?"

ಪಂಜರದೊಳಗೆ ಬಿಳಿ ಇಲಿಯೊಂದು ಗಂಜಿಯ ಅಗುಳು ಹಿಡಿದು ಕೂತಿತ್ತು. ಸಂಶೋಧನೆಗೆಂದು ಇಲಿಗಳನ್ನು ಸಾಕಿದ್ದ ನಿಶಾ ಅದನ್ನು ಕಸಿದುಕೊಂಡಳು.

ಪಂಜರ ತೊಳೆಯಲು ಆ ದಿನವಷ್ಟೇ ಕೆಲಸಕ್ಕೆ ಸೇರಿದ್ದ ದತ್ತಾ, ಬುತ್ತಿ ಡಬ್ಬಿಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ನಾನೇ ಮೇಡಂ. ಹಸಿದವ್ರ ಮುಂದೆ ಒಬ್ನೇ ಉಣ್ಣೂಕಾಗೂದಿಲ್ಲ. ನಮ್ಮ ಆಯಿ ಹಾಗೇ ಕಲ್ಸಿದ್ದು."

ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ನಿಶಾ ದಿನವೂ ನೇರಳೆ ಎಲೆಯ ಸಾರ ಕುಡಿಸುತ್ತಿದ್ದಳು. ರಕ್ತದ ಸಕ್ಕರೆ, ಕೊಲೆಸ್ಟರಾಲ್ ಇಳಿದಿದೆಯೇ ಎಂದು ನೋಡಲು ರಾತ್ರಿಯಿಡೀ ಉಪವಾಸ ಇಟ್ಟಿದ್ದಳು. ಈಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು! ಸಿಟ್ಟಿನಲ್ಲಿ, ಇನ್ನು ನನ್ನೆದುರು ಡಬ್ಬಿ ತೆರೆಯಬೇಡ ಎಂದುಬಿಟ್ಟಳು.

ಅವನು ತೆರೆಯಲೇ ಇಲ್ಲ. ಬುತ್ತಿ ಹಿಡಿದು ಹೊರಗೆ ಹೋಗುತ್ತಿದ್ದ, ತಲೆ ತಗ್ಗಿಸಿ ಬಂದು ಕೆಲಸ ಮಾಡುತ್ತಿದ್ದ.

ಕಾರವಾರದಲ್ಲಿ ನಿಶಾಳಿಗೆ ತನ್ನವರೆಂಬವರಿರಲಿಲ್ಲ. ಬಾಡಿಗೆ ಕೋಣೆ, ಇಲಿಕೋಣೆ, ಎರಡರಲ್ಲೂ ಒಬ್ಬಳೇ ಊಟ. ಗೋಡೆಯಾಚೆ ಅವನ ಡಬ್ಬಿಯ ಮುಚ್ಚಳ ಸದ್ದಾದಾಗ ಅವಳೂ ತನ್ನದನ್ನು ತೆರೆಯುತ್ತಿದ್ದಳು. 'ಒಳಗೆ ಬಾ ಅನ್ನಲೇ? ನನ್ನ ಮುಖ ಕಂಡರೇ ಆಗದವನನ್ನು ಹೇಗೆ ಕರೆಯಲಿ...' ಎಂದುಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ಕೊನೆಯ ಪರೀಕ್ಷೆಯ ಬೆಳಗು ಬಂತು. ಸಕ್ಕರೆ ಇಳಿದಿತ್ತು, ಕೊಲೆಸ್ಟರಾಲೂ ಇಳಿದಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮರುದಿನ ಅಂಕೋಲಾ ಬಸ್ಸು ಹತ್ತಿ ಭಾವಿಕೇರಿಯ ಮನೆ ಸೇರಿದರೆ ಮುಗಿಯಿತು, ಆ ಮುಚ್ಚಳದ ಸದ್ದೂ ಇಲ್ಲ. ಅವಳಿಗೆ ಅಳು ಬಂತು.

ಕಣ್ಣೊರೆಸಿಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ದತ್ತಾ, ಮುಚ್ಚಿದ ಡಬ್ಬಿಯ ಜೊತೆ ಕೂತಿದ್ದ. ಇನ್ನೂ ಉಂಡಿಲ್ಲವೇ ಎಂದು ಕೇಳಿದಳು.

"ಅವು ತಿನ್ದೆ ನಾ ಹ್ಯಾಂಗೆ ಉಣ್ಲಿ ಮೇಡಂ? ಅವುಕ್ಕೆ ಉಪವಾಸ ಇದ್ದಾಗೆಲ್ಲ ನಂಗೂ ಉಪವಾಸವೇ. ಕೈ ತಡೀದೆ ಮತ್ತೆ ಅನ್ನ ಹಾಕಿದ್ರೆ ನಿಮ್ಮ ಕೆಲ್ಸ ಕೆಡ್ತದೆ ಅಂತ ಹೊರಗೆ ಕೂತೆ."

"ನನ್ನ ಮೇಲೆ ಸಿಟ್ಟಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಚೆಂಡಿಯಾ ಊರಿನ ತಮ್ಮ ಮನೆಯ ಜಾಗ ನೌಕಾನೆಲೆಗೆ ಹೋದ ಮೇಲೆ ಹೊಸ ಕೇರಿಯಲ್ಲಿ ಕರೆದು ಉಣ್ಣಿಸಲು ನೆರೆಯವರೇ ಇಲ್ಲ, ಇಲಿಗಳಾದರೂ ಇದ್ದಾವಲ್ಲ ಎಂದುಕೊಂಡಿದ್ದೆ ಎಂದ.

ನಿಶಾ ಒಳಗೆ ಹೋಗಿ ಇಲಿಗಳಿಗೆಲ್ಲ ತಿನಿಸು ಹಾಕಿ ಬಂದಳು. ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, ಪರೀಕ್ಷೆಯ ಚಿಂತೆಯಲ್ಲಿ ತಾನೂ ನಿನ್ನೆಯಿಂದ ಉಂಡಿಲ್ಲ ಎಂದಳು.

ಅವನು ಮುಚ್ಚಳದಲ್ಲಿ ಅರ್ಧ ಗಂಜಿ ಬಗ್ಗಿಸಿ ಅವಳ ಮುಂದಿಟ್ಟ.

"ನಾಳೆ ನೀವು ಹೋದ್ರೆ, ನಾ ಯಾರ ಮುಂದೆ ಉಣ್ಣೂದು?"

ಈ ಸಲ ಅವನು ಮೇಡಂ ಅನ್ನಲಿಲ್ಲ.

"ನನ್ನ ಮುಂದೆ," ಎಂದಳು ನಿಶಾ. "ದಿನಾ."